ಕಲ್ಲಿನ ಕೊಂಬಿಗೆ ಬಣ್ಣ

ಮುದನಾಳ

ನಮ್ಮ ತಮ್ಮನ ಮಗ ಸಾಬಣ್ಣಗ ಅತ್ತಿ ದ್ಯಾವಮ್ಮನ ಆಶೀರ್ವಾದ. ಅದರಾಗೇನೂ ಕಡಿಮಿ ಮಾಡಿಲ್ಲ.

ಬೈತೀನಂತ ಫೋನ್ ಎತ್ತವಲ್ಲಿ, ಅದಕ್ಕ ಬರ್ಯಾಕತ್ತೀನಿ. ಕಾರಹುಣ್ಣಿಮಿಗೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಬಣ್ಣ ತಗೊಂಡು ಹೋಗಿ, ದೇವಾಪುರ ಗುಡ್ಡದ ಗವಿಯೊಳಗ ಸಾವಿರಾರು ವರ್ಷದ ಹಿಂದಿನ ಮಂದಿ ಬಂಡೆಗಲ್ಲಿನ ಮ್ಯಾಲ ಕುಟ್ಟಿ ಮೂಡಿಸಿದ ಗೂಳಿಗಳ ಕೊಂಬಿಗೂ ಬಳದಿ. ಮ್ಯಾಲ "ಅತ್ತಿ, ಹ್ಯಾಂಗ ಮಿಂಚಾಕತ್ತಾವ ನೋಡು" ಅಂತ ಫೋಟೋ ಬ್ಯಾರೆ ಕಳಿಸಿದಿ. ಹೇಸಿಗಿ ಬಂತಪ್ಪ. ಎತ್ತಿನ ಕೊಂಬು ಬೆಳೀತಾವ, ಬಣ್ಣ ಉದುರತದ. ಕಲ್ಲಿನ ಕೊಂಬು ಬೆಳೀತಾವೇನೋ ಹುಚ್ಚಾ?

ಈಗ ತಂತಿ ಬ್ರಷ್‌ಲೆ ತಿಕ್ಕಿ ತಗೀತೀನಿ ಅಂದಿಯಂತ, ನಿಮ್ಮವ್ವ ಹೇಳಿದಳು. ಅದನ್ನಂತೂ ಮಾಡಬ್ಯಾಡ. ಆ ಗೆರಿ ಉಗುರಿನಷ್ಟೂ ಆಳ ಇಲ್ಲ, ಬಣ್ಣದ ಕೂಡ ಗೂಳೀನೂ ಹೋಗ್ತಾವ. ಪುರಾತತ್ವ ಇಲಾಖೆಯವರಿಗೆ ನೀನೇ ಹೋಗಿ ಹೇಳು. ಅವರು ಬರೋತನಕ ಯಾರೂ ಕೈ ಹಚ್ಚದಂಗ ನೋಡ್ಕೋ. ಹೋಗೋಮುಂದ ಉಂಡು ಹೋಗು, ಬಿಸಿಲು ಭಾಳ ಅದ.

ಗೂಳಿ ಕೆಳಗ ನಿನ್ನ ಹೆಸರೂ ಬರದೀಯಲ್ಲ, ಅದನ್ನೂ ಒರಸಬ್ಯಾಡ. ಯಾರಿಂವ ಅಂತ ಅವರು ಕೇಳಿದ್ರ, ನಮ್ಮ ಮನಿ ಹುಡುಗ ರೀ ಅಂತ ನಾನೇ ಬಂದು ತಲಿ ತಗ್ಗಿಸಿ ಹೇಳತೀನಿ.

ನಿನ್ನ ಅತ್ತಿ,
ದ್ಯಾವಮ್ಮ