ಸಾತವ್ವಗ ಕಳಿಸಿದ ಟ್ರಂಕು

ಗೋಕಾಕ
ತಾ. ೧೯-೪-೧೯೩೯

ನನ್ನ ಮುದ್ದಿನ ಸಾತವ್ವಾ,

ಅಪ್ಪನ ಆಶೀರ್ವಾದ. ಮೈಯಾಗ ಹೆಂಗೈತಿ ಯವ್ವಾ? ಐದ ತಿಂಗಳಾತು, ಈಗರ ವಾಂತಿ ನಿಂತಾವೋ ಇಲ್ಲೋ? ಅಳಿಯಾದೇವ್ರು ಗಿರಣಿಯಿಂದ ಹೊತ್ತಿಗೆ ಸರಿ ಮನಿಗೆ ಬರ್ತಾರಿಲ್ಲೋ? ನಾವಿಲ್ಲಿ ಆರಾಮ ಅದೇವಿ. ನಿಮ್ಮವ್ವಂದು ಮಾತ್ರ ನಿನ್ನ ಕಾಗದಾ ಬಂದಾಗಿಂದ ಒಂದ ಹಾಡು: "ಹುಕ್ಕೇರಿ ಅತ್ತಿ ಹಿತ್ತಲದಾಗಿನ ಹುಳಿ ಮಾವಿನಕಾಯಿ ತಿನ್ನಬೇಕಂತ ಬಸರ ಹುಡುಗಿ ಬರದಾಳ. ಒಂದ ಕಾಯಿ ಕಳಿಸೂದ ಆಗೂದಿಲ್ಲೇನ ನಿಮ್ಮ ಕೈಲೆ?" ಇಲ್ಲಿ ಗಿರಣಿ ಗುಮಾಸ್ತ ಶಿದ್ರಾಮ ಗಿರಣಿ ಕೆಲಸಕ್ಕ ವಿಮಾನದಾಗ ನಿಮ್ಮ ಕೊಲಂಬೋಕ್ಕ ಹೊಂಟಾನಂತ ಕೇಳಿ ಅವನ ಮನಿಗೆ ಓಡಿದ್ನಿ. "ಕಾಕಾ, ಹಣ್ಣು ಕಾಯಿ ಆ ದೇಶಕ್ಕ ಬಿಡೂದಿಲ್ಲ. ಹುಳಾ ಹೊಕ್ಕಾವಂತ ಇಲ್ಲೇ ಕಸಗೋತಾರ" ಅಂದಾ. "ಹಂಗಾರ ನಾ ಮಾಡಿದ ಕಟಗಿ ಹಣ್ಣರ ಒಯ್ಯಪಾ, ಹುಟ್ಟೂ ಕೂಸು ಆಡ್ಲಿ" ಅಂದು ಟ್ರಂಕ ತುಂಬಿ, ನಾನೂ ಅವನ ಜೋಡಿ ರೈಲಿನ್ಯಾಗ ಮುಂಬಯಿತನಾ ಹೋದ್ನಿ.

ವಿಮಾನದ ಮೈದಾನದಾಗ ಏನ ತಪಾಸಣಿ ಅಂತಿ! ಮೊದಲ ಟ್ರಂಕ ತೂಗಿದ್ರು, ಆಮ್ಯಾಲೆ ಶಿದ್ರಾಮನ್ನೂ ತಕ್ಕಡಿ ಮ್ಯಾಲೆ ನಿಂದ್ರಿಸಿ ತೂಗಿದ್ರು! ಮಂದಿ, ಸಾಮಾನು ಕೂಡಿ ಭಾರ ಜಾಸ್ತಿ ಆದ್ರ ವಿಮಾನ ಏಳೂದಿಲ್ಲಂತ. ಬರೂವಾಗ ಅವನ ಹೇಣ್ತಿ ಶೇಂಗಾ ಹೋಳಗಿ ಹೊಟ್ಟಿ ತುಂಬ ತಿನಿಸಿದ್ಳು, ಪಾಪ, ಉಸರ ಹಿಡಕೊಂಡ ನಿಂತಿದ್ದಾ. ಆಮ್ಯಾಲೆ ಒಬ್ಬ ಮರಾಠಿ ಸಾಹೇಬ ಟ್ರಂಕ ತಗದು ಸೀರಿ ಸರಸಿ ನೋಡ್ತಾನ, ಬಾಳಿಹಣ್ಣು, ಪೇರಲ, ಸೀತಾಫಳ, ಮಾವಿನಕಾಯಿ! "ಇವು ನಡಿಯೂದಿಲ್ಲ" ಅಂದಾ. "ಬಡದ ನೋಡ್ರಿ ಸಾಹೇಬ್ರ, ಕಟಗಿ" ಅಂದ್ನಿ. ಒಂದೊಂದ ಮೇಜಿಗೆ ಬಡದಾ, ಟಕ್, ಟಕ್. ನಾ ಬಾಜೂ ನಿಂತು ಕಟಗಿ ಹೆಂಗ ಒಣಗಸಬೇಕು, ಬಣ್ಣಕ್ಕ ಹುಣಚಿಬೀಜದ ಅಂಟು ಹೆಂಗ ಕಾಸಬೇಕು, ನಮ್ಮಜ್ಜ ಮಾಡಿದ ಕಟಗಿ ಸೀತಾಫಳಕ್ಕ ಕಾಗಿ ಹೆಂಗ ಬಾಯಿ ಹಾಕಿತ್ತು, ಎಲ್ಲಾ ಹೇಳಕೋತ ಹ್ವಾದ್ನಿ. ಕಡೀಕ ಗಿಳಿ ಚಿತ್ರದ ಮಾವಿನಕಾಯಿ ಕೈಯಾಗ ಹಿಡದಾಂವ, "ಪುರೇ ಬಾಬಾ, ಪುರೇ!" ಸಾಕೋ ಮಾರಾಯಾ ಅಂತ ನನಗ ಕೈ ಮುಗದು, ಅದನ್ನ ಬಡೀಲಾರದ ಹಂಗ ಒಳಗ ಇಟ್ಟು, ಟ್ರಂಕ ಮುಚ್ಚಿ ಚೀಟಿ ಅಂಟಿಸಿದಾ. ಅಪ್ಪಾ ಭಾಳ ಮಾತಾಡ್ತಿ ಅಂತ ಬೈತಿದ್ದಿ, ಇನ್ನ ಬೈಬ್ಯಾಡ.

ಅಳಿಯಾದೇವ್ರಿಗೆ ಶರಣ ಹೇಳು. ನೀರಿನ ಕೊಡಾ ನೀ ಎತ್ತಬ್ಯಾಡ. ಹೊಟ್ಟಿ ತಣ್ಣಗಿರ್ಲಿ.

ನಿಮ್ಮಪ್ಪ
ಉದ್ದಪ್ಪ

ತಾ.ಕ.: ಟಪಾಲ ಹೋಗೂ ಹೊತ್ತಾತು, ಲಗೂ ಬರೀತೇನಿ. ಆ ಗಿಳಿ ಚಿತ್ರದ್ದು ಕಪಾಟಿನ್ಯಾಗ ಇಡಬ್ಯಾಡ. ಶಿದ್ರಾಮ ಹೆದರಪುಕ್ಕ, ಅವಗ ಹೇಳಿದ್ದಿಲ್ಲ. ಮೂವತ್ತ ವರ್ಷ ಕಟಗೀನ ಹಣ್ಣ ಮಾಡೀನಿ, ಈ ಸಲ ಹುಕ್ಕೇರಿ ಕಾಯೀನ ಕಟಗಿ ಮಾಡೀನಿ. ಮ್ಯಾಲಿಂದು ಬರೇ ಹುಣಚಿಬೀಜದ ಅಂಟು, ಅರಿಷಿಣ, ಎಲಿ ರಸ. ತೊಳದು, ಸಿಪ್ಪಿ ತಗದು, ಉಪ್ಪ ಹಚ್ಚಿ ತಿನ್ನು ಯವ್ವಾ, ಅದು ಹಣ್ಣಾಗೂದರೊಳಗ.