ಬೀಗದಮ್ಮ

ಭಾನುವಾರ, ಮಧ್ಯಾಹ್ನ

ಅಮ್ಮಾ,

ಕ್ಷೇಮವಾ ಅಂತ ಕೇಳಿ ಕಾಗದ ಶುರು ಮಾಡುವ ಧೈರ್ಯ ನನಗಿಲ್ಲ. ನೀನು ಸರಿಯಾಗಿ ಊಟ ಮಾಡುತ್ತಿಲ್ಲ, ಯಾರ ಜೊತೆಗೂ ಮಾತಿಲ್ಲ ಕತೆಯಿಲ್ಲ ಅಂತ ಅಣ್ಣ ಹೇಳಿದ. ನಾನು ಫೋನ್ ಮಾಡಿದಾಗಲೆಲ್ಲ ನೀನು ಸ್ನಾನಕ್ಕೆ ಹೋಗಿರುತ್ತೀಯಂತೆ. ದಿನಕ್ಕೆ ಅಷ್ಟು ಸಲ ಸ್ನಾನ ಮಾಡುವವರನ್ನು ನಾನು ಕಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನಂತೂ ಓದದೆ ಬಿಸಾಡುವವಳಲ್ಲ ನೀನು.

ಇದರ ಜೊತೆ ನಮ್ಮ ಪತ್ರಿಕೆಯ ಹೊಸ ಸಂಚಿಕೆ ಇಟ್ಟಿದ್ದೇನೆ. ಬೇರೆ ಯಾರೋ ತಂದು ನಿನ್ನ ಮುಖಕ್ಕೆ ಹಿಡಿಯುವ ಮೊದಲು ನಾನೇ ಕಳಿಸಬೇಕು ಅನ್ನಿಸಿತು.

ನನ್ನ ಕೆಲಸ ಏನು ಅಂತ ಅಣ್ಣನಿಗೆ ಇವತ್ತಿಗೂ ತಲೆಗೆ ಹತ್ತಿಲ್ಲ. ಕುಂಟೆಬಿಲ್ಲೆ, ಸಿನಿಮಾ ಹಾಡು, ಮೊಬೈಲ್ ಆಟ ಅಂತ ಪ್ರೊಫೆಸರುಗಳು ಬರೆದದ್ದನ್ನು ತಿದ್ದಿ ಅಚ್ಚಿಗೆ ಕಳಿಸುವುದಕ್ಕೂ ಒಂದು ಆಫೀಸು ಬೇಕಾ ಅಂತ ನಗುತ್ತಾನೆ. ನೀನು ಮಾತ್ರ ನಗುತ್ತಿರಲಿಲ್ಲ. ಹುಡುಗಿಯರ ಚಪ್ಪಾಳೆ ಆಟಗಳ ಮೇಲೆ ನಾನೇ ಒಂದು ಲೇಖನ ಬರೆಯುತ್ತೇನೆ ಅಂದಾಗ, "ನಮ್ಮ ಹಾಸ್ಟೆಲಿಗೆ ಹೋಗು, ಅಲ್ಲಿ ಹಾಡಿಗೇನು ಬರವಾ?" ಅಂದವಳು ನೀನೇ. ನೀನು ವಾರ್ಡನ್ ಆಗಿದ್ದೆ ಅಂತ ಹೇಳಿದ್ದಕ್ಕೇ ಈಗಿನ ವಾರ್ಡನ್ ಎದ್ದು ಕುರ್ಚಿ ಕೊಟ್ಟರು. ಅವರ ಕೋಣೆಯಲ್ಲಿ ನಿನ್ನ ಫೋಟೋ ಇನ್ನೂ ಇದೆ, ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡು ನಿಂತದ್ದು.

ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಹುಡುಗಿಯರು ಒಂದು ಆಟ ಆಡಿ ತೋರಿಸಿದರು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಬ್ಬಳು ನಡುವೆ ಕಣ್ಣು ಮುಚ್ಚಿ ಕೂತು ನೆಲ ಬಡಿಯುತ್ತಾಳೆ. ಸುತ್ತ ಕೂತವರು ಅದೇ ಲೆಕ್ಕಕ್ಕೆ ಚಪ್ಪಾಳೆ ತಟ್ಟುತ್ತ ಹಾಡುತ್ತಾರೆ.

ಬೀಗದಮ್ಮ ಬೀಗದಮ್ಮ ಬಾಗಿಲು ತೆಗೀ,
ಗುಬ್ಬಿಗೆ ನೀರು ಬೇಕಂತೆ ಬೇಗನೆ ತೆಗೀ.
ನೀರಿಲ್ಲ ಗೀರಿಲ್ಲ ನಾಳೆಗೆ ಬಾ,
ನಾಳೆಗೆ ಗುಬ್ಬಿ ಎಲ್ಲಿ? ಪುರ್ರಂತಾ!

ಪ್ರತಿ ಸುತ್ತಿಗೂ ಬಡಿತ ಕಮ್ಮಿಯಾಗುತ್ತಾ ಹೋಗುತ್ತದೆ. ಕೊನೆಗೆ ನಡುವಿನವಳು ಕೈ ಎತ್ತುವುದೇ ಇಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಾರೆ, ಮೊದಲು ನಕ್ಕವಳು ಔಟ್. ಇಂಥ ಆಟವನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ನಿಧಿ ಸಿಕ್ಕಂತಾಗಿ ಕುಣಿಯುತ್ತಾ ಮನೆಗೆ ಬಂದೆ.

ಆ ವಾರವೇ ನೀನು ನನ್ನ ಮನೆಗೆ ಬಂದೆ. ನಿನ್ನ ಪಕ್ಕ ಕೂತು ರೆಕಾರ್ಡಿಂಗ್ ಹಾಕಿದೆ. ನೀನು ಒಂದು ಸಲ ಕೇಳಿ, ಇನ್ನೊಂದು ಸಲ ಹಾಕು ಅಂದೆ. ಆಮೇಲೆ ಗೋಡೆ ನೋಡುತ್ತಾ ಮೆಲ್ಲಗೆ ಹೇಳಿದೆ, "ನಾಳೆಗೆ ಬಾ ಅಲ್ಲ. ಬೆಳಿಗ್ಗೆ ನೋಡೋಣ."

ನಾನು ಎಂಥ ಪೆದ್ದಿ ಅಮ್ಮಾ! ಹಾಡಿಗೆ ಇನ್ನೊಂದು ಪಾಠಾಂತರ ಸಿಕ್ಕಿತು ಅಂತ ಪೆನ್ನು ಹುಡುಕಿದೆ. "ನಿನ್ನ ಕಾಲದಲ್ಲಿ ಹಾಗೆ ಹಾಡ್ತಿದ್ರಾ?" ಅಂತ ಕೇಳಿದೆ. ನೀನು, "ಯಾರೂ ಹಾಡ್ತಿರ್ಲಿಲ್ಲ, ನಾನು ಅಂದಿದ್ದು" ಅಂದುಬಿಟ್ಟು, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯಲು ಎದ್ದುಹೋದೆ. ಮಾರನೆಯ ದಿನ ಮಂಡಿನೋವು, ಮಾತ್ರೆ ಅಣ್ಣನ ಮನೆಯಲ್ಲೇ ಬಿಟ್ಟು ಬಂದೆ ಅಂತ ಹೊರಟೇಬಿಟ್ಟೆ. ಬಸ್ಸಿನ ಕಿಟಕಿಯಿಂದ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಆಗಲಿಲ್ಲ. ಈ ಆಟ ನಿಮಗೆ ಯಾರು ಕಲಿಸಿದ್ದು ಅಂತ ಹುಡುಗಿಯರನ್ನು ಕೇಳಿದೆ. ಅವರು ಮೊದಲಿದ್ದ ಹಿರಿಯ ಹುಡುಗಿಯರನ್ನು ತೋರಿಸಿದರು, ಅವರು ಇನ್ನೂ ಹಿರಿಯರನ್ನು. ಹಾಗೆ ಹುಡುಕುತ್ತಾ ಹೋಗಿ ಕೊನೆಗೆ ಒಂದು ಹೊಲಿಗೆ ಅಂಗಡಿಯಲ್ಲಿ ನಿಂತೆ. ಅಲ್ಲಿದ್ದ ಅಕ್ಕ ಹಾಡಿನ ಮೊದಲ ಸಾಲು ಕೇಳಿದ್ದೇ ಮಷಿನ್ ನಿಲ್ಲಿಸಿದರು. "ಈಗಲೂ ಆಡ್ತಾರಾ?" ಅಂದರು. ಗುಬ್ಬಿ ಅನ್ನುವುದು ಅವರ ತಂಗಿಗೆ ಹಾಸ್ಟೆಲಿನಲ್ಲಿ ಇಟ್ಟ ಹೆಸರು.

ಅವರು ಹೇಳಿದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ನನಗೆ ಗೊತ್ತಾಗಿದೆ ಅಂತ ನಿನಗೆ ಗೊತ್ತಾಗಬೇಕು. ಗುಬ್ಬಿಗೆ ಗಂಟಲುಮಾರಿ ಬಂದು ಕತ್ತು ಊದಿತ್ತು, ಉಗುಳು ನುಂಗಲೂ ಆಗುತ್ತಿರಲಿಲ್ಲ. ಮಾರನೆಯ ದಿನ ಆಡಳಿತ ಮಂಡಳಿಯವರು ಹಾಸ್ಟೆಲ್ ನೋಡಲು ಬರುವವರಿದ್ದರು. ಸಂಜೆ ನೀನು ಅವಳನ್ನು ಉಗ್ರಾಣದಲ್ಲಿ ಮಲಗಿಸಿ ಹೊರಗಿನಿಂದ ಬೀಗ ಹಾಕಿದೆ. ಅವಳು ಬಾಗಿಲು ಬಡಿದಳು. ಅವಳ ಅಕ್ಕ ಬಂದು, ಬಾಗಿಲು ತೆಗೆದು ನೀರು ಕೊಡಿ ಅಂತ ನಿನ್ನ ಕಾಲು ಹಿಡಿದುಕೊಂಡಳು. ಬೆಳಿಗ್ಗೆ ನೋಡೋಣ ಅಂದೆಯಂತೆ. ಬಾಗಿಲ ಈಚೆ ಕೂತಿದ್ದ ಹುಡುಗಿಯರು, ನಾವಿದ್ದೀವಿ ಅಂತ ಗುಬ್ಬಿಗೆ ತಿಳಿಯಲಿ ಅಂತ, ಅವಳು ಬಡಿದಾಗಲೆಲ್ಲ ತಾವೂ ತಿರುಗಿ ಬಡಿದರಂತೆ. ಬಡಿತ ನಿಂತಾಗ, ನಿದ್ದೆ ಬಂತು ಅಂದುಕೊಂಡು ಸಮಾಧಾನಪಟ್ಟರಂತೆ.

ಇದ್ದಕ್ಕಿದ್ದಂತೆ ಜ್ವರ ನೆತ್ತಿಗೇರಿ ಗುಬ್ಬಿ ಹೋಗಿಬಿಟ್ಟಳು ಅಂತ ಅವಳ ಮನೆಯವರಿಗೆ ಹಾಸ್ಟೆಲಿನವರೆಲ್ಲ ಸೇರಿ ಹೇಳಿ ಕಳಿಸಿದಿರಿ. ಯಾರೂ ಈ ಸುದ್ದಿ ಮಾತಾಡಕೂಡದು ಅಂತ ನೀನು ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದೆಯಂತೆ. ಆ ಅಕ್ಕ ದಾರ ಹಲ್ಲಿನಲ್ಲಿ ಕಡಿಯುತ್ತಾ ಅಂದರು, "ಮಾತಾಡಬೇಡಿ ಅಂದ್ರು. ಆಟ ಆಡಬೇಡಿ ಅನ್ನಲಿಲ್ಲವಲ್ಲ. ಆಡಿದ್ವಿ."

ನಾನು ಅದನ್ನೆಲ್ಲ ಬರೆದು ಸರ್‌ಗೆ ಕೊಟ್ಟೆ. ಸರ್ ಅಂದರೆ ನಮ್ಮ ಸಂಪಾದಕರು, ಕೆಟ್ಟವರಲ್ಲ. ಪತ್ರಿಕೆಗಾಗಿ ಲೇಖನ ಪರಿಶೀಲಿಸಿದ ಪ್ರೊಫೆಸರು, ಒಬ್ಬರ ನೆನಪನ್ನು ನಂಬಿ ಹಾಡಿಗೆ ಮೂಲ ಹೇಳುವುದು ಶಾಸ್ತ್ರವಲ್ಲ, ಆ ಭಾಗ ತೆಗೆಯಿರಿ ಅಂತ ಬರೆದಿದ್ದರು. ಸರ್ ಕೂಡ, "ನಮ್ಮದು ಆಟದ ಪತ್ರಿಕೆ ಕಣಮ್ಮ, ಪೊಲೀಸ್ ಸ್ಟೇಷನ್ ಅಲ್ಲ. ಆಟದ ವರ್ಣನೆ ಸೊಗಸಾಗಿದೆ, ಅಷ್ಟೇ ಇರಲಿ. ಅದೂ ಅಲ್ಲದೆ ನಿಮ್ಮ ತಾಯಿ ಬೇರೆ" ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ನಾನೇ ನಿರ್ಧರಿಸಬೇಕಾಗಿಲ್ಲವಲ್ಲ! ಆ ಪುಟಗಳನ್ನು ತೆಗೆದುಬಿಟ್ಟೆ. ಅವತ್ತು ನಿನಗೆ ಫೋನ್ ಮಾಡಿದ್ದು ಅದನ್ನು ಹೇಳುವುದಕ್ಕೇ. ನೀನು ಸ್ನಾನಕ್ಕೆ ಹೋಗಿದ್ದೆ.

ಅಚ್ಚಿಗೆ ಹೋಗುವ ಮೊದಲು ಕರಡು ತೆಗೆದುಕೊಂಡು ಹೊಲಿಗೆ ಅಂಗಡಿಗೆ ಹೋದೆ. ಓದಿ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅವರು ಕೆಲಸದ ಹುಡುಗಿಯನ್ನು ಊಟಕ್ಕೆ ಕಳಿಸಿ, ಸ್ಟೂಲ್ ಎಳೆದುಕೊಂಡು, ಪೂರ್ತಿ ಕೇಳಿದರು. ಚಪ್ಪಾಳೆಯ ಲಯ, ಸುತ್ತುಗಳ ರಚನೆ, ಮೌನದ ಸೊಗಸು, ಎಲ್ಲ. ಮುಗಿದ ಮೇಲೆ, "ಆಟ ಚೆನ್ನಾಗಿ ಬರ್ದಿದೀಯ ಕಣೇ" ಅಂದರು. ಆಮೇಲೆ ಕೇಳಿದರು, "ನನ್ನ ತಂಗಿ ಎಲ್ಲಿ?"

ಅವರು ಜಗಳ ಮಾಡಿದ್ದರೆ ನಾನೂ ಮಾಡುತ್ತಿದ್ದೆ. ಮಾಡಲಿಲ್ಲ. ಅರ್ಧ ಹೊಲಿದ ರವಿಕೆಯನ್ನು ಮತ್ತೆ ಮಷಿನ್ನಿಗೆ ಹಾಕಿಕೊಂಡರು.

ಆಫೀಸಿಗೆ ಬಂದು ತೆಗೆದ ಪುಟಗಳನ್ನು ವಾಪಸ್ ಸೇರಿಸಿದೆ. ಅವು ಇಲ್ಲದಿದ್ದರೆ ಲೇಖನವೇ ಬೇಡ, ಕೆಲಸವೂ ಬೇಡ ಅಂತ ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಕೂತರು. ಆಮೇಲೆ, ಹಾಗಾದರೆ ಪೂರ್ತಿ ಹೇಳು, ಅರ್ಧಂಬರ್ಧ ಬೇಡ ಅಂದರು. ಬರೆದವರಿಗೂ ಬರೆದ ವಿಷಯಕ್ಕೂ ಸ್ವಂತ ಸಂಬಂಧವಿದ್ದರೆ ಲೇಖನದ ಕೊನೆಯಲ್ಲಿ ತಿಳಿಸಬೇಕು ಅಂತ ನಮ್ಮಲ್ಲಿ ನಿಯಮವಿದೆ. ಸಾಮಾನ್ಯವಾಗಿ ಎಲ್ಲರೂ ಏನೂ ಇಲ್ಲ ಅಂತಲೇ ಬರೆಯುತ್ತಾರೆ. ನಾನು ಬರೆದೆ: ಹಾಡಿನಲ್ಲಿ ಬರುವ ಬೀಗದಮ್ಮ ಈ ಲೇಖಕಿಯ ತಾಯಿ.

ಅದು ಈಗ ಅಚ್ಚಾಗಿದೆ ಅಮ್ಮಾ. ಮೊದಲ ಪ್ರತಿ ಆ ಅಕ್ಕನಿಗೆ ಕೊಟ್ಟೆ. ತಂಗಿಯ ನಿಜವಾದ ಹೆಸರು ಇರುವ ಪುಟವನ್ನು ನನ್ನಿಂದಲೇ ತೆರೆಸಿ, ಅದರ ಮೇಲೆ ಅಂಗೈ ಊರಿಕೊಂಡು ಕೂತರು. ಓದಿಸಲಿಲ್ಲ. ಹಾಸ್ಟೆಲಿನ ಮಂಡಳಿಯವರು ನಮ್ಮ ಆಫೀಸಿಗೆ ಬಂದು ಕೂಗಾಡಿ ಹೋದರು. ಹುಡುಗಿಯರು ಆ ಆಟ ಆಡಕೂಡದು ಅಂತ ಈಗ ಅಲ್ಲಿ ಅಪ್ಪಣೆಯಾಗಿದೆ. ಅಷ್ಟು ವರ್ಷ ಬದುಕಿದ್ದ ಆಟ ನಾನು ಬರೆದ ಮೇಲೆ ಸತ್ತಿತು. ಸರ್ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ. "ಹೆತ್ತವಳನ್ನೇ ಅಚ್ಚು ಹಾಕಿಸಿಬಿಟ್ಟೆಯಲ್ಲೇ" ಅಂತ ಅಣ್ಣ ಬೈದ. ಸರಿಯಾಗಿಯೇ ಬೈದ.

ನೀನು ನನಗೆ ಕೆಟ್ಟ ತಾಯಿ ಆಗಿರಲಿಲ್ಲ. ನನಗೆ ಸಣ್ಣ ಕೆಮ್ಮು ಬಂದರೂ ಎದೆಗೆ ಎಣ್ಣೆ ತಿಕ್ಕುತ್ತಾ ಪಕ್ಕದಲ್ಲೇ ಕೂತಿರುತ್ತಿದ್ದೆ. ಆ ಕೈಯನ್ನೂ ಬೀಗ ತಿರುಗಿಸಿದ ಕೈಯನ್ನೂ ಒಂದೇ ಅಂತ ಇಟ್ಟುಕೊಂಡು ನೋಡಲು ಹೋದರೆ ನನಗೆ ತಲೆ ಸುತ್ತುತ್ತದೆ. ಬೇಜಾರು ಮಾಡಿಕೋಬೇಡ ಅಂತ ಬರೆಯಲಾರೆ. ಮಾತ್ರೆ ತಪ್ಪಿಸಬೇಡ, ಅಷ್ಟೇ.

ಇಂತಿ,
ನಿನ್ನ ಮಗಳು

ತಾ.ಕ.: ಒಂದು ಮಾತು ಮಾತ್ರ ಲೇಖನದಲ್ಲಿ ಇಲ್ಲ. ಮೊದಲ ಸಲ ಅಂಗಡಿಯಿಂದ ಹೊರಟಾಗ, ನಾನು ನಿನ್ನ ಮಗಳು ಅಂತ ಹೇಳಿದ್ದಕ್ಕೆ ಆ ಅಕ್ಕ ನನ್ನ ವಯಸ್ಸು ಕೇಳಿದರು. ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿ, "ಹಾಗಾದ್ರೆ ಆಗ ತೊಟ್ಟಿಲಲ್ಲಿದ್ದ ಕೂಸು ನೀನೇ. ಮಂಡಳಿ ಗಿಂಡಳಿ ಎಲ್ಲ ಆಮೇಲಿನ ಮಾತು. ಕೂಸಿಗೆ ಅಂಟೀತು ಅಂತಲೇ ನಿಮ್ಮಮ್ಮ ಬೀಗ ಹಾಕಿದ್ದು" ಅಂದರು. ಅದನ್ನು ಬರೆದಿದ್ದರೆ ಓದಿದವರು ನಿನ್ನನ್ನು ಒಂದಿಷ್ಟು ಮನ್ನಿಸುತ್ತಿದ್ದರೇನೋ. ನನಗೆ ಬರೆಯಲಾಗಲಿಲ್ಲ. ನಿಜವಾ ಅಮ್ಮಾ? ಇದೊಂದಕ್ಕೆ ಉತ್ತರ ಬರಿ. ಯಾರಿಗೂ ತೋರಿಸುವುದಿಲ್ಲ.