ಕಾಸರಕನ ಟೊಂಗೆಗಳು

ಹೊನ್ನಾವರ

ಜಟ್ಟಿ ಅಣ್ಣನಿಗೆ ಮಾದೇವಿಯ ನಮಸ್ಕಾರ.

ನಮ್ಮಿಬ್ಬರ ಗದ್ದೆಯ ನಡುವಿನ ಹಾಳಿಯ ಮೇಲೆ ನಾನು ಊರಿದ್ದು ಗಡಿಗೂಟವಲ್ಲ, ಕಾಸರಕನ ಟೊಂಗೆ. ಹಕ್ಕಿ ಕೂತು ಹುಳ ಹೆಕ್ಕಲಿ ಎಂದು ಅಪ್ಪ ಪ್ರತಿ ಮಳೆಗಾಲ ಊರುತ್ತಿದ್ದರಲ್ಲ, ಅದೇ. ನೀನು ನೋಡಿದವನೇ, “ಪಾಲು ತಕಂಡದ್ದು ಸಾಕಾಗ್ಲಿಲ್ವೇನೆ? ಈಗ ಗೂಟ ಹೊಡೂಕೆ ಬಂದ್ಯಾ?” ಎಂದು ಎಲ್ಲ ಕಿತ್ತೆಸೆದೆ. ನಾನೂ ಸಿಟ್ಟಿನಲ್ಲಿ ಬೆನ್ನು ತಿರುಗಿಸಿ ಮನೆಗೆ ಬಂದೆ.

ಈಗ ಎಲೆ ಸುತ್ತುವ ಹುಳ ಎರಡೂ ಕಡೆಯ ಭತ್ತಕ್ಕೆ ಬಿದ್ದಿದೆ. ಮಳೆ ಬಿಡುತ್ತಿಲ್ಲ, ಔಷಧಿ ಹೊಡೆದರೂ ತೊಳೆದು ಹೋಗುತ್ತದೆ.

ಹೊಸ ಟೊಂಗೆ ಕಡಿದು ನಿನ್ನ ಕೊಟ್ಟಿಗೆಯ ಹಿಂದೆ ಇಟ್ಟಿದ್ದೇನೆ. ಈ ಸಲ ನೀನೇ ಊರು. ನನ್ನ ಗದ್ದೆಯೊಳಗೆ ಒಂದು ಮೊಳ ಬಂದರೂ ಅಡ್ಡಿಯಿಲ್ಲ, ನಾಳೆಯೇ ಊರು.

ನಿನ್ನ ತಂಗಿ,
ಮಾದೇವಿ